ಐವತ್ತೆಂಟರ ಲೆಕ್ಕ

ನಮ್ಮ ಮನೆಯ ಹಿತ್ತಲಿನಲ್ಲಿ ಶೀಟು ಹೊದಿಸಿದ ಮೂರು ಕೋಣೆಗಳಿದ್ದವು. ಬೊಮ್ಮನಹಳ್ಳಿಯಲ್ಲಿ ನಾವು ಮನೆ ಕಟ್ಟಿದ ಹೊಸತರಲ್ಲಿ, ಅಂದರೆ 1993ರ ಸುಮಾರಿಗೆ, ಸಾಲದ ಕಂತಿಗೆ ಒತ್ತಾಸೆಯಾಗಲಿ ಎಂದು ನಮ್ಮ ಮಾವನವರು ಕಟ್ಟಿಸಿದ್ದು. ಆಗಿನ್ನೂ ಬೊಮ್ಮನಹಳ್ಳಿ ಬೆಂಗಳೂರಿನೊಳಗೆ ಸೇರಿರಲಿಲ್ಲ. ಪಾಲಿಕೆಗೆ ಸೇರಿದ್ದು 2007ರಲ್ಲಿ. ಆ ಕೋಣೆಗಳಿಗೆ ಬಾಡಿಗೆಗೆ ಬಂದವರೆಲ್ಲ ಹೆಚ್ಚುಕಡಿಮೆ ‘ಗಾರ್ಮೆಂಟ್ಸ್‌ಗೆ ಹೋಗುವವರು’. ಮಳವಳ್ಳಿ, ಕುಣಿಗಲ್, ಕನಕಪುರದ ಕಡೆಯಿಂದ ಬಂದ ಹೆಣ್ಣುಮಕ್ಕಳು. ಬೆಳಿಗ್ಗೆ ಐದಕ್ಕೇ ಒಲೆ ಹಚ್ಚಿ, ಎಂಟರೊಳಗೆ ಬುತ್ತಿಚೀಲ ಹಿಡಿದು ಓಡುತ್ತಿದ್ದರು. ಸಂಜೆ ನೀರಿಗಾಗಿ ಜಗಳವಾಡುತ್ತಿದ್ದರು. ಆ ಜಗಳದಲ್ಲಿ ನ್ಯಾಯ ಹೇಳುವುದು ನನ್ನ ಪಾಲಿಗೆ ಬಂದ ಕೆಲಸ. ಇನ್ನೊಂದು ಕೆಲಸವೆಂದರೆ ಅವರ ಪಿ.ಎಫ್. ಫಾರಂ ತುಂಬಿಕೊಡುವುದು.

ಈ ಫಾರಂ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಫಾರಂ ನಂಬರು 19 ಭವಿಷ್ಯನಿಧಿಯ ಹಣಕ್ಕೆ, 10ಸಿ ಪಿಂಚಣಿಯ ಬಾಬ್ತಿಗೆ. ಎರಡೂ ನನಗೆ ಬಾಯಿಪಾಠವಾಗಿದ್ದವು. ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ನನಗೆ ಮೊದಮೊದಲು ಒಂದು ಸಂಗತಿ ಅರ್ಥವೇ ಆಗುತ್ತಿರಲಿಲ್ಲ. ಇವರು ನಾಲ್ಕೈದು ವರ್ಷ ಒಂದು ಫ್ಯಾಕ್ಟರಿಯಲ್ಲಿ ದುಡಿದು, ರಾಜೀನಾಮೆ ಕೊಟ್ಟು, ಪಿ.ಎಫ್. ತೆಗೆದು, ಮತ್ತೆ ಪಕ್ಕದ ಫ್ಯಾಕ್ಟರಿಗೆ ಹೊಸಬರಾಗಿ ಸೇರುತ್ತಾರಲ್ಲ, ಇದೆಂಥ ದಡ್ಡತನ? ವೃದ್ಧಾಪ್ಯಕ್ಕೆ ಇಟ್ಟ ಹಣವನ್ನು ಹೀಗೆ ಕರಗಿಸಬಹುದೇ? ಗ್ರಾಚ್ಯುಟಿಗೆ ಬೇಕಾದ ಐದು ವರ್ಷವೂ ಕೆಲವೊಮ್ಮೆ ತುಂಬಿರುತ್ತಿರಲಿಲ್ಲ. ನಾನು ಪ್ರತಿಸಲವೂ ಫಾರಂ ತುಂಬುತ್ತಾ ಒಂದು ಸಣ್ಣ ಉಪನ್ಯಾಸ ಕೊಡುತ್ತಿದ್ದೆ. ಅವರು ತಲೆಯಾಡಿಸಿ, ಕೆಳಗೆ ಸಹಿ ಮಾಡಿ, ಹೋಗುತ್ತಿದ್ದರು.

2016ರ ಏಪ್ರಿಲ್‌ನಲ್ಲಿ ಆ ಉಪನ್ಯಾಸಕ್ಕೆ ಉತ್ತರ ಸಿಕ್ಕಿತು.

ಆ ವರ್ಷ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತ್ತು. ಕೆಲಸ ಬಿಟ್ಟವರು ಇನ್ನು ಮೇಲೆ ತಮ್ಮ ಪಾಲಿನ ಹಣವನ್ನು ಬಡ್ಡಿಸಮೇತ ಪಡೆಯಬಹುದು, ಮಾಲೀಕರು ಕಟ್ಟಿದ ಪಾಲು ಮಾತ್ರ 58 ವರ್ಷ ತುಂಬುವವರೆಗೆ ನಿಧಿಯಲ್ಲೇ ಇರಬೇಕು ಎಂಬುದು ಅದರ ಸಾರಾಂಶ. ನಮ್ಮ ಸಂಬಳದಲ್ಲಿ ಶೇಕಡ 12 ಹಿಡಿಯುತ್ತಾರಲ್ಲ, ಮಾಲೀಕರೂ ಅಷ್ಟೇ ಕಟ್ಟಬೇಕು. ಅದರಲ್ಲಿ 8.33 ಪಿಂಚಣಿಗೆ ಹೋಗಿ, ಉಳಿದ 3.67 ಭವಿಷ್ಯನಿಧಿಗೆ ಸೇರುತ್ತದೆ. ಕೈತಪ್ಪುತ್ತಿದ್ದುದು ಆ 3.67. ಆರೂವರೆ ಸಾವಿರ ಸಂಬಳದವಳಿಗೆ ತಿಂಗಳಿಗೆ ಸುಮಾರು 240 ರೂಪಾಯಿ. ಐದು ವರ್ಷಕ್ಕೆ ಬಡ್ಡಿ ಬಿಟ್ಟು ಹದಿನಾಲ್ಕು ಸಾವಿರದ ಮೇಲೆ. ಆದರೆ ಫ್ಯಾಕ್ಟರಿಯ ಒಳಗೆ ಸುದ್ದಿ ತಲುಪಿದ್ದು ಬೇರೆ ರೂಪದಲ್ಲಿ: ಇನ್ನು ಮೇಲೆ ಪಿ.ಎಫ್. ಪೂರ್ತಿಯಾಗಿ 58ಕ್ಕೇ ಅಂತೆ! ಬಿಡಿಸಿ ಹೇಳುವವರು ಯಾರೂ ಇರಲಿಲ್ಲ. ಯಾರ ಹಣವೋ ಅವರನ್ನು ಯಾರೂ ಕೇಳಿಯೂ ಇರಲಿಲ್ಲ.

ಆಗ ನಮ್ಮ ಹಿತ್ತಲಿನ ನಡುಕೋಣೆಯಲ್ಲಿ ಇದ್ದವಳು ಮಳವಳ್ಳಿ ಕಡೆಯವಳು. ಶರಟಿನ ಕಾಲರು ಕೂರಿಸುವ ಟೈಲರ್. ಗಂಡ ಇದ್ದೂ ಇಲ್ಲದವನು. ಮಗಳು ಎಸ್ಸೆಸ್ಸೆಲ್ಸಿ. ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಬಟ್ಟೆ ಒಗೆಯುವ ಕಲ್ಲಿನ ಬಳಿ ನಿಂತು ಕೇಳಿದಳು, “ಅಕ್ಕ, ಪೇಪರ್ನಲ್ಲಿ ಬಂದದ್ದು ದಿಟವಾ?”

ನಾನು ಅಧಿಸೂಚನೆಯ ಪರವಾಗಿಯೇ ಮಾತಾಡಿದೆ. “ನಿನ್ನ ಒಳ್ಳೆಯದಕ್ಕೇ ಕಣೆ. ಮುಪ್ಪಿನ ಕಾಲಕ್ಕೆ ಕೈಯಲ್ಲಿ ನಾಲ್ಕು ಕಾಸಿರಲಿ ಅಂತ.”

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿ ಕಲ್ಲಿನ ಮೇಲಿಟ್ಟಳು. “ಐವತ್ತೆಂಟು ವರ್ಸದ ಹೆಂಗ್ಸು ಒಬ್ಳನ್ನ ನಮ್ ಫ್ಯಾಕ್ಟ್ರೀಲಿ ತೋರ್ಸಕ್ಕ. ನಲವತ್ತೈದಾದ್ರೆ ಕಣ್ಣು ಕಾಣಾಕಿಲ್ಲ, ಟಾರ್ಗೆಟ್ ಮುಟ್ಟಾಕಿಲ್ಲ ಅಂತ ಆಚೆಗ್ ಕಳಿಸ್ತಾರೆ. ಅಲ್ಲಿಂದ ಐವತ್ತೆಂಟರ ಗಂಟ ದುಡ್ಡು ಅಲ್ಲೇ ಕೂತಿರ್ಬೇಕು ಅಂದ್ರೆ, ನಾನ್ ಎಲ್ಲಿ ಕೂತ್ಕಳ್ಳಿ?”

ನನ್ನ ಬಳಿ ಉತ್ತರವಿರಲಿಲ್ಲ. ಅವಳ ಲೆಕ್ಕ ನನಗಿಂತ ನೇರವಾಗಿತ್ತು. ಸಂಬಳ ಸುಮಾರು ಏಳು ಸಾವಿರ. ಬಾಡಿಗೆ, ಪಡಿತರ, ಸಂಘದ ಸಾಲದ ವಾರದ ಕಂತು ಕಳೆದರೆ ಉಳಿಯುವುದು ಶೂನ್ಯ. ಹಾಗಿರುವಾಗ ಒಟ್ಟಿಗೆ ಕೈಗೆ ಬರುವ ದೊಡ್ಡ ಮೊತ್ತವೆಂದರೆ ಪಿ.ಎಫ್. ಒಂದೇ. ಮಗಳ ಕಾಲೇಜು, ಮನೆಯ ಅಡ್ವಾನ್ಸು, ಊರಿನ ಕೈಸಾಲ, ಎಲ್ಲವೂ ಅದರ ಮೇಲೆ ನಿಂತಿದ್ದವು. ನಾನು ದಡ್ಡತನ ಎಂದುಕೊಂಡಿದ್ದು ಅವರ ಬ್ಯಾಂಕು.

ಏಪ್ರಿಲ್ 18, ಸೋಮವಾರ. ಕಚೇರಿಯಿಂದ ಅರ್ಧ ದಿನಕ್ಕೇ ಹೊರಟಿದ್ದೆ. ಬಸ್ಸು ಸಿಲ್ಕ್ ಬೋರ್ಡಿನ ಹತ್ತಿರ ನಿಂತದ್ದು ಮುಂದೆ ಹೋಗಲೇ ಇಲ್ಲ. ಬಸ್ಸಿನ ತುಂಬ ಗೊಣಗಾಟ. ನಿಜ ಹೇಳುತ್ತೇನೆ, ನಾನೂ ಗೊಣಗಿದೆ. ಕೊನೆಗೆ ಇಳಿದು ಬಿಸಿಲಿನಲ್ಲಿ ನಡೆಯತೊಡಗಿದೆ. ಜೊತೆಗೆ ನಮ್ಮ ಕಚೇರಿಯ ಇನ್ನೊಬ್ಬರೂ ಇದ್ದರು. ರೂಪೇನ ಅಗ್ರಹಾರ ದಾಟಿದ ಮೇಲೆ ಕಂಡದ್ದನ್ನು ನಾನು ಮರೆಯಲಾರೆ. ಹೊಸೂರು ರಸ್ತೆಯ ತುಂಬ ಹೆಂಗಸರು. ಸಾವಿರಾರು ಹೆಂಗಸರು. ಬಾವುಟವಿಲ್ಲ, ಮೈಕಿಲ್ಲ, ಭಾಷಣ ಮಾಡುವ ಮುಖಂಡರಿಲ್ಲ. ಕೊರಳಲ್ಲಿ ಗುರುತಿನ ಚೀಟಿ, ಕೆಲವರ ಹೆಗಲ ಮೇಲೆ ದಾರದ ತುಂಡು, ಬುತ್ತಿಚೀಲವನ್ನೇ ಕೆಳಗೆ ಹಾಕಿಕೊಂಡು ಕಾದ ಡಾಂಬರಿನ ಮೇಲೆ ಕೂತಿದ್ದರು. ಐ.ಟಿ. ಕಂಪನಿಗಳ ಬಸ್ಸುಗಳು ಸಾಲಾಗಿ ನಿಂತಿದ್ದವು.

ಅವರ ನಡುವಿನಿಂದ “ಅಕ್ಕಾ” ಎಂದು ಯಾರೋ ಕರೆದಂತಾಯಿತು. ನಮ್ಮ ಹಿತ್ತಲಿನವಳೇ. ಪಕ್ಕದಲ್ಲಿ ನಡೆಯುತ್ತಿದ್ದ ಸಹೋದ್ಯೋಗಿ ಆಗಷ್ಟೇ “ಇವರಿಗೇನು ಬಂತು ರೋಗ” ಎಂದಿದ್ದರು. ನಾನು ಕೇಳಿಸದವಳಂತೆ ಇಪ್ಪತ್ತು ಹೆಜ್ಜೆ ಮುಂದೆ ಹೋದೆ. ಆಮೇಲೆ ನಾಚಿಕೆಯಾಗಿ ಹಿಂದಿರುಗಿ, ಚೀಲದಲ್ಲಿದ್ದ ನೀರಿನ ಬಾಟಲಿ ಕೊಟ್ಟುಬಂದೆ. ಆ ಇಪ್ಪತ್ತು ಹೆಜ್ಜೆ ಇಂದಿಗೂ ನನ್ನ ಮನಸ್ಸಿನಲ್ಲಿದೆ.

ಏಕೆಂದರೆ ಕೇವಲ ಒಂದೂವರೆ ತಿಂಗಳ ಹಿಂದೆ ನಾವೂ ಇದೇ ಪಿ.ಎಫ್. ವಿಷಯಕ್ಕೆ ಕೆರಳಿದ್ದೆವು! ಫೆಬ್ರವರಿ 29ರ ಬಜೆಟ್ಟಿನಲ್ಲಿ ಭವಿಷ್ಯನಿಧಿ ಹಿಂದೆ ಪಡೆಯುವಾಗ ಶೇಕಡ 60 ಭಾಗದ ಮೇಲೆ ತೆರಿಗೆ ಎಂದಿದ್ದರು. ಸಂಬಳದಾರರೆಲ್ಲ ಹೌಹಾರಿದರು. ನಮ್ಮ ಕಚೇರಿಯಲ್ಲೂ ಒಂದು ಮನವಿಗೆ ಸಹಿ ಮಾಡಿದೆವು. ಟಿ.ವಿ.ಯಲ್ಲಿ ರಾತ್ರಿಯೆಲ್ಲ ಚರ್ಚೆ. ಮಾರ್ಚ್ 8ರಂದು, ಅದೂ ಮಹಿಳಾ ದಿನದಂದು, ಹಣಕಾಸು ಮಂತ್ರಿ ಜೇಟ್ಲಿಯವರು ಅದನ್ನು ಹಿಂದಕ್ಕೆ ತೆಗೆದುಕೊಂಡರು. ನಮಗೆ ಯಾರೂ ರೋಗ ಬಂದಿದೆ ಎನ್ನಲಿಲ್ಲ. ನಮಗೆ ಸಹಿ ಸಾಕಾಗಿತ್ತು. ಅವರ ಸಹಿಗೆ ಬೆಲೆಯಿರಲಿಲ್ಲ, ರಸ್ತೆಗೇ ಬರಬೇಕಾಯಿತು.

ಬೆಂಗಳೂರು ಕಾರ್ಮಿಕರ ಮುಷ್ಕರ ನೋಡದ ಊರೇನೂ ಅಲ್ಲ. ಬಿನ್ನಿ ಮಿಲ್, ರಾಜಾ ಮಿಲ್, ಮಿನರ್ವ ಮಿಲ್ಲುಗಳ ಊರು ಇದು. 1980-81ರಲ್ಲಿ ಎಚ್.ಎ.ಎಲ್., ಎಚ್.ಎಂ.ಟಿ., ಐ.ಟಿ.ಐ., ಬಿ.ಇ.ಎಲ್. ಮೊದಲಾದ ಸಾರ್ವಜನಿಕ ಕಾರ್ಖಾನೆಗಳ ಕಾರ್ಮಿಕರು 77 ದಿನ ಮುಷ್ಕರ ಹೂಡಿದ್ದರು. ನಮ್ಮ ತಂದೆ ಆಗ ಐ.ಟಿ.ಐ.ನಲ್ಲಿದ್ದರು. ಮನೆಯಲ್ಲಿ ಸಂಬಳವಿಲ್ಲದ ಆ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಆದರೆ ಅವರಿಗೆ ಗಟ್ಟಿ ಯೂನಿಯನ್ನುಗಳಿದ್ದವು, ಕ್ವಾರ್ಟರ್ಸುಗಳಿದ್ದವು, ಸಂಜೆ ಗೇಟಿನ ಮುಂದೆ ನಿಂತು ಮಾತಾಡುವ ಬಿಡುವಿತ್ತು. ಅವರಲ್ಲಿ ಬಹುಪಾಲು ಗಂಡಸರು. ಆಮೇಲೆ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಹೊಸೂರು ರಸ್ತೆ, ಮೈಸೂರು ರಸ್ತೆ, ಪೀಣ್ಯದ ಕಡೆಗಳಲ್ಲಿ ವಿದೇಶಕ್ಕೆ ಉಡುಪು ಹೊಲಿದು ಕಳಿಸುವ ಕಾರ್ಖಾನೆಗಳು ಎದ್ದವು. 2016ರ ಹೊತ್ತಿಗೆ ಅಲ್ಲಿ ದುಡಿಯುತ್ತಿದ್ದವರು ನಾಲ್ಕು ಲಕ್ಷಕ್ಕೂ ಹೆಚ್ಚು. ನೂರಕ್ಕೆ ಎಂಬತ್ತರಷ್ಟು ಹೆಣ್ಣುಮಕ್ಕಳು. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್, ತಪ್ಪಿದರೆ ಸೂಪರ್‌ವೈಸರನ ಬಾಯಿ. ನಮ್ಮ ಹಿತ್ತಲಿನ ಹುಡುಗಿಯರು ಬಾತ್‌ರೂಮಿಗೆ ಹೋಗಲು ಸಮಯ ಸಿಗದೆಂದು ಮಧ್ಯಾಹ್ನದವರೆಗೆ ನೀರೇ ಕುಡಿಯುತ್ತಿರಲಿಲ್ಲ. ಮೂವತ್ತಕ್ಕಿಂತ ಹೆಚ್ಚು ಹೆಂಗಸರಿದ್ದ ಕಡೆ ಕೂಸಿನ ಮನೆ ಇರಬೇಕೆಂದು ಕಾರ್ಖಾನೆ ಕಾಯಿದೆ ಹೇಳುತ್ತಿತ್ತು. ಆದರೂ ಎಷ್ಟೋ ಕೂಸುಗಳು ಊರಿನಲ್ಲಿ ಅಜ್ಜಿಯರ ಬಳಿ ಬೆಳೆದವು.

ಸಂಘಟನೆಗಳೇ ಇರಲಿಲ್ಲವೆಂದಲ್ಲ. ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್, ಹೆಂಗಸರೇ ಮುಂದೆ ನಿಂತ ಗಾರ್ಮೆಂಟ್ ಲೇಬರ್ ಯೂನಿಯನ್, ‘ಮುನ್ನಡೆ’ಯಂಥ ಸಂಘಟನೆಗಳು ವರ್ಷಗಟ್ಟಲೆ ಮನೆಮನೆ ತಿರುಗಿ ಕೆಲಸ ಮಾಡಿದ್ದವು. ನಮ್ಮ ಹಿತ್ತಲಿಗೂ ಒಮ್ಮೆ ಇಬ್ಬರು ಹೆಂಗಸರು ಬಂದು ಇ.ಎಸ್.ಐ. ಬಗ್ಗೆ ತಿಳಿಸಿ ಹೋಗಿದ್ದರು. ಆದರೆ ಸದಸ್ಯತ್ವದ ಚೀಟಿ ಬ್ಯಾಗಿನಲ್ಲಿ ಸಿಕ್ಕಿದರೆ ಕೆಲಸ ಹೋಗುವ ಭಯ. ಹಾಗಾಗಿ ಆ ದಿನ ರಸ್ತೆಗೆ ಬಂದವರನ್ನು ಯಾವ ಯೂನಿಯನ್ನೂ ಕರೆದಿರಲಿಲ್ಲ. ಒಂದು ಫ್ಯಾಕ್ಟರಿಯವರು ಹೊರಟರು, ಪಕ್ಕದ ಗೇಟಿನ ಮುಂದೆ ನಿಂತು ಕೂಗಿದರು, ಅವರೂ ಹೊರಬಂದರು.

ಆ ಸಂಜೆಯೇ ಅಧಿಸೂಚನೆಯನ್ನು ಮೂರು ತಿಂಗಳು ಮುಂದೂಡಲಾಗಿದೆ ಎಂಬ ಸುದ್ದಿ ಬಂತು. ನಾನು ಹಿತ್ತಲಿಗೆ ಹೋಗಿ ಹೇಳಿದೆ. “ಮುಂದೂಡದು ಅಂದ್ರೆ ಆಮೇಕೆ ಕಿತ್ಕಳದು ಅಂತ ತಾನೆ?” ಎಂದಳು. ಮಾರನೆಯ ದಿನ ಇನ್ನೂ ಹೆಚ್ಚು ಜನ ಸೇರಿದರು. ತುಮಕೂರು ರಸ್ತೆಯ ಜಾಲಹಳ್ಳಿ ಕ್ರಾಸಿನ ಕಡೆ ಬಸ್ಸುಗಳು ಹೊತ್ತಿ ಉರಿದವು. ಹೆಬ್ಬಗೋಡಿ ಪೊಲೀಸ್ ಠಾಣೆಯ ಮೇಲೆ ಕಲ್ಲು ಬಿತ್ತು, ಅಲ್ಲಿದ್ದ ವಾಹನಗಳಿಗೆ ಬೆಂಕಿ ಬಿತ್ತು. ಲಾಠಿ, ಅಶ್ರುವಾಯು ಎಲ್ಲ ನಡೆಯಿತು. ಬೆಂಕಿ ಹಚ್ಚಿದವರು ನಮ್ಮವರಲ್ಲ ಎಂದು ಹೆಂಗಸರು ಹೇಳಿದರು. ನಾನು ಅಲ್ಲಿರಲಿಲ್ಲ, ಆದ್ದರಿಂದ ತೀರ್ಪು ಕೊಡಲಾರೆ. ಉರಿದ ಬಸ್ಸಿಗೆ ಸಮರ್ಥನೆ ಹುಡುಕುವುದೂ ನನಗೆ ಇಷ್ಟವಿಲ್ಲ. ಆದರೆ ಮೊದಲ ದಿನ ಅಷ್ಟು ಹೊತ್ತು ಬಿಸಿಲಿನಲ್ಲಿ ಸುಮ್ಮನೆ ಕೂತಿದ್ದವರ ಸುದ್ದಿಗೆ ‘ಟ್ರಾಫಿಕ್ ಜಾಮ್’ ಎಂಬ ತಲೆಬರಹ ಕೊಟ್ಟವರು, ಎರಡನೆಯ ದಿನದ ಬೆಂಕಿಯನ್ನು ಮಾತ್ರ ಮತ್ತೆಮತ್ತೆ ತೋರಿಸಿದರು.

ನಮ್ಮವಳು ಸಂಜೆ ಬಂದಾಗ ಎಡತೋಳು ಬಾತುಕೊಂಡಿತ್ತು. ಲಾಠಿ ಏಟು. ಅರಿಸಿನ ಬಿಸಿ ಮಾಡಿ ಪಟ್ಟು ಹಾಕುತ್ತಿದ್ದೆ. ಅಷ್ಟರಲ್ಲಿ ಟಿ.ವಿ.ಯಲ್ಲಿ ಕೇಂದ್ರ ಕಾರ್ಮಿಕ ಮಂತ್ರಿ ಬಂಡಾರು ದತ್ತಾತ್ರೇಯ ಅವರು ಅಧಿಸೂಚನೆಯನ್ನು ಪೂರ್ತಿ ರದ್ದು ಮಾಡಿದ್ದಾಗಿ ಹೇಳಿದರು. ಅವಳು ನಂಬಲಿಲ್ಲ. ಮರುದಿನ ಬೆಳಿಗ್ಗೆ ಪೇಪರು ಬಂದ ಮೇಲೆ ಮೂರು ಕೋಣೆಯವರೂ ಹಿತ್ತಲ ಬಾಗಿಲಿಗೆ ಬಂದು ನಿಂತರು. ನಾನು ಗಟ್ಟಿಯಾಗಿ ಓದಿದೆ. ಒಬ್ಬಳು ‘ರದ್ದು’ ಎಂಬ ಪದ ಎಲ್ಲಿದೆ ತೋರಿಸಿ ಎಂದಳು. ತೋರಿಸಿದೆ.

ಇಡೀ ದೇಶದ ದುಡಿಯುವವರಿಗೆ ಅನ್ವಯಿಸುತ್ತಿದ್ದ ಆದೇಶ ಅದು. ರದ್ದಾದದ್ದರ ಲಾಭವೂ ಎಲ್ಲರಿಗೂ ಸಿಕ್ಕಿತು, ನನಗೂ. ಹಾಗೆಂದು ಅವರ ಸಂಬಳ ಏರಿತೆಂದುಕೊಳ್ಳಬೇಡಿ. 2018ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕನಿಷ್ಠ ಕೂಲಿ ಹೆಚ್ಚಿಸುವ ಕರಡು ಹೊರಡಿಸಿ, ಮಾರ್ಚಿನಲ್ಲೇ ಹಿಂದಕ್ಕೆ ತೆಗೆದುಕೊಂಡಿತು. 2020ರಲ್ಲಿ, ಆ ಕೊರೋನಾ ಕಾಲದಲ್ಲಿ, ತಿಂಗಳಿಗೆ 417 ರೂಪಾಯಿಯ ತುಟ್ಟಿಭತ್ಯೆಯನ್ನೂ ಅನೇಕ ಕಡೆ ಕೊಡಲಿಲ್ಲ. ಅದು ಹೈಕೋರ್ಟಿನವರೆಗೆ ಹೋಗಿ, ಬಾಕಿ ಕೈಗೆ ಬರುವಾಗ 2022. ಅದೇ 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಒಂದು ಕಾರ್ಖಾನೆ ಮುಚ್ಚಿದಾಗ ಸಾವಿರಕ್ಕೂ ಹೆಚ್ಚು ಹೆಂಗಸರು ವಾರಗಟ್ಟಲೆ ಗೇಟಿನ ಮುಂದೆ ಕೂತರು. ಆ ಸುದ್ದಿ ಓದುವಾಗ ಫೋಟೋದಲ್ಲಿ ನನ್ನ ಕಣ್ಣು ಹುಡುಕಿದ್ದು ಬುತ್ತಿಚೀಲಗಳನ್ನು.

ನಮ್ಮವಳ ಕತೆ ಹೇಳಿಬಿಡುತ್ತೇನೆ. ತೋಳು ವಾಸಿಯಾದ ಮೇಲೆ, ಏಪ್ರಿಲ್ ಕೊನೆಗೆ ರಾಜೀನಾಮೆ ಕೊಟ್ಟಳು. ಪಿ.ಎಫ್. ಬರಬೇಕಾದರೆ ಎರಡು ತಿಂಗಳು ಎಲ್ಲಿಯೂ ಕೆಲಸಕ್ಕೆ ಸೇರಿರಬಾರದೆಂಬ ನಿಯಮ. ಆ ಎರಡು ತಿಂಗಳು ನಮ್ಮ ಬೀದಿಯ ಎರಡು ಮನೆಗಳಲ್ಲಿ ಪಾತ್ರೆ ತಿಕ್ಕಿದಳು. ಮಗಳು ಪಾಸಾದಳು. ಕಾಲೇಜಿಗೆ ಕಟ್ಟಲು ಕಿವಿಯ ವಾಲೆ ಗಿರವಿ ಅಂಗಡಿಗೆ ಹೋಯಿತು. ಜುಲೈನಲ್ಲಿ ನಾನು ಫಾರಂ 19, 10ಸಿ ತುಂಬಿದೆ. ಈ ಸಲ ಉಪನ್ಯಾಸ ಕೊಡಲಿಲ್ಲ. ಆಗಸ್ಟಿನಲ್ಲಿ ಹಣ ಬಂತು, ಗೌರಿ ಹಬ್ಬದ ಹೊತ್ತಿಗೆ ವಾಲೆ ಮರಳಿ ಕಿವಿಗೆ ಬಂತು.

ಹಬ್ಬ ಕಳೆದು ಇನ್ನೊಂದು ಫ್ಯಾಕ್ಟರಿಗೆ ಸೇರಿದಳು. ಹೊಸ ಟೋಕನ್ ನಂಬರು, ಹೊಸ ಕಾಗದಗಳು. ರಾತ್ರಿ ಅವನ್ನು ಹಿಡಿದು ನಮ್ಮ ಅಡುಗೆಮನೆಗೆ ಬಂದಳು. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಎಲ್ಲ ಬರೆದು ನಾಮಿನಿ ಎಂಬ ಕಡೆ ಬಂದಾಗ, ಅಭ್ಯಾಸಬಲದಿಂದ ಅವಳ ಗಂಡನ ಹೆಸರಿನ ಮೊದಲ ಅಕ್ಷರ ಬರೆದಿದ್ದೆ.

“ಅದ ಒಡ್ದಾಕಕ್ಕ,” ಎಂದಳು. “ಮಗಳ ಹೆಸ್ರು ಬರಿ.”