ಹಸುಗೂಸಿನ ಧನುರ್ವಾಯು ಹಿಮ್ಮೆಟ್ಟಿದ ಬಗೆ

ಮೊದಲೆರಡು ದಿನ ಚೆನ್ನಾಗಿ ಮೊಲೆಯುಂಡ ಕೂಸು ಆಮೇಲೆ ಬಾಯಿ ತೆರೆಯಲಾರದೆ, ಮೈ ಸೆಟೆದು ಸಾಯುವುದನ್ನು ನಮ್ಮ ಹಳ್ಳಿಗಳು ತಲೆಮಾರುಗಳ ಕಾಲ ಗ್ರಹಚಾರವೆಂದೋ ದೃಷ್ಟಿಯೆಂದೋ ಸಹಿಸಿಕೊಂಡವು. ಅದು ಧನುರ್ವಾಯು. ಮಣ್ಣು, ಸೆಗಣಿಗಳಲ್ಲಿರುವ ರೋಗಾಣು ಹೊಕ್ಕುಳಬಳ್ಳಿ ಕೊಯ್ದ ಕುಡುಗೋಲಿನಿಂದಲೋ ಗಾಯಕ್ಕೆ ಹಚ್ಚಿದ ಬೂದಿಯಿಂದಲೋ ಮೈ ಸೇರುತ್ತಿತ್ತು. 1980ರ ದಶಕದ ಕೊನೆಯಲ್ಲೂ ಭಾರತದಲ್ಲಿ ವರ್ಷಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಹಸುಗೂಸುಗಳು ಇದಕ್ಕೆ ಬಲಿಯಾಗುತ್ತಿದ್ದವೆಂಬ ಅಂದಾಜಿದೆ. 2015ರ ಹೊತ್ತಿಗೆ ಯಾವ ಜಿಲ್ಲೆಯಲ್ಲೂ ಸಾವಿರ ಜನನಕ್ಕೆ ಒಂದು ಪ್ರಕರಣವೂ ಇರದಷ್ಟು ಮಟ್ಟಕ್ಕೆ ಅದು ಇಳಿದಿತ್ತು. ರೋಗಾಣು ಇಂದಿಗೂ ಮಣ್ಣಿನಲ್ಲಿದೆ. ಬದಲಾದದ್ದು ಹೆರಿಗೆಯ ರೀತಿ.

ಆಸ್ಪತ್ರೆಗಳು ಬಂದವು, ಸೂಲಗಿತ್ತಿಯರು ಹೋದರು, ಸಾವು ತಗ್ಗಿತು ಎಂದು ಈ ಕಥೆಯನ್ನು ಮೊಟಕು ಮಾಡುವವರಿದ್ದಾರೆ. ಲೆಕ್ಕ ಅದನ್ನು ಒಪ್ಪುವುದಿಲ್ಲ. 2005–06ರಲ್ಲೂ ದೇಶದ ಹೆರಿಗೆಗಳಲ್ಲಿ ಆಸ್ಪತ್ರೆ ಕಂಡವು ನೂರಕ್ಕೆ ಸುಮಾರು 39 ಮಾತ್ರ. ಅಷ್ಟರೊಳಗೆ ಕೆಲವು ರಾಜ್ಯಗಳು ಧನುರ್ವಾಯುವನ್ನು ಆ ಮಟ್ಟಕ್ಕೆ ಇಳಿಸಿಯಾಗಿತ್ತು. ಕೆಲಸ ಮಾಡಿದ್ದು ಮನೆಬಾಗಿಲಿಗೆ ತಲುಪಿದ ಎರಡು ಅಗ್ಗದ ಉಪಾಯಗಳು. ಗರ್ಭಿಣಿಗೆ ಕೊಟ್ಟ ಚುಚ್ಚುಮದ್ದಿನ ರಕ್ಷಣೆ ಹೊಟ್ಟೆಯ ಕೂಸಿಗೂ ದಾಟಿತು. 1985ರ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಅದನ್ನು ಊರೂರಿಗೆ ಒಯ್ದಿತು. ತೊಳೆದ ಕೈ, ಶುಚಿಯಾದ ಹಾಸು, ಹೊಸ ಬ್ಲೇಡು, ಶುಚಿಯಾದ ದಾರ, ಏನನ್ನೂ ಮೆತ್ತದ ಹೊಕ್ಕುಳು ಎಂಬ ಪಾಠವನ್ನು ತರಬೇತಿ ಪಡೆದ ಸೂಲಗಿತ್ತಿಯರೇ ಮನೆಗಳಿಗೆ ಮುಟ್ಟಿಸಿದರು.

ಹಾಗಾದರೆ ಆಸ್ಪತ್ರೆ ಬೇಡವಿತ್ತೇ? ಬೇಕಿತ್ತು. ವಿಪರೀತ ರಕ್ತಸ್ರಾವ, ಅಡ್ಡ ಸಿಕ್ಕ ಮಗು, ಏರಿದ ರಕ್ತದೊತ್ತಡಗಳ ಮುಂದೆ ಎಂಥ ಪಳಗಿದ ಕೈಯೂ ಸೋಲುತ್ತದೆ. ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 2001–03ರಲ್ಲಿ 228 ಇದ್ದ ತಾಯಂದಿರ ಸಾವು 2018–20ರಲ್ಲಿ 69ಕ್ಕೆ ಇಳಿದದ್ದರಲ್ಲಿ ಆಸ್ಪತ್ರೆ ಹೆರಿಗೆಯ ಪಾಲು ದೊಡ್ಡದು. ಆದರೆ ಅದೇ 2018–20ರಲ್ಲಿ ಕೇರಳದ ಸಂಖ್ಯೆ 19. ಕರ್ನಾಟಕದ ನೂರರಲ್ಲಿ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿರುವಾಗ ಉಳಿದ ಅಂತರಕ್ಕೆ ಸೂಲಗಿತ್ತಿಯನ್ನು ದೂರುವಂತಿಲ್ಲ. ಕಾರಣವನ್ನು ಬೇರೆಡೆ ಹುಡುಕಬೇಕು: ರಾಜ್ಯದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ ಅನುಮಾನ ಹೋದದ್ದು ಅವರಿಗೆ ಏರಿಸಿದ ಡ್ರಿಪ್ಪಿನ ಗುಣಮಟ್ಟದ ಮೇಲೆ. ಅಂದು ಸೂಲಗಿತ್ತಿಯ ಬ್ಲೇಡನ್ನು ಪರೀಕ್ಷಿಸಿದ ಸರ್ಕಾರ ಇಂದು ಅಷ್ಟೇ ನಿಷ್ಠುರವಾಗಿ ತನ್ನ ಔಷಧ ಉಗ್ರಾಣವನ್ನೂ ಹೆರಿಗೆ ಕೋಣೆಯನ್ನೂ ಪರೀಕ್ಷಿಸಿಕೊಳ್ಳಬೇಕು.