ಕರ್ವೆಯವರ ಮಹಿಳಾ ವಿದ್ಯಾಪೀಠವೂ ಸರಕಾರದ ಸನ್ನದೂ

ಕ್ರಿ. ಶ. 1916ನೆಯ ವರ್ಷದಲ್ಲಿ ಭರತಖಂಡದಲ್ಲಿ ಮೂರು ವಿಶ್ವವಿದ್ಯಾನಿಲಯಗಳು ತಲೆಯೆತ್ತಿದುವು. ಫೆಬ್ರವರಿ 4ರಂದು ಕಾಶಿಯ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಅಡಿಗಲ್ಲನ್ನಿಟ್ಟರು. ಅದಕ್ಕೆ ಬೇಕಾದ ಶಾಸನವು ಹಿಂದಿನ ವರ್ಷವೇ ಇಂಡಿಯಾ ಸರಕಾರದಿಂದ ಆಗಿದ್ದಿತು. ಜುಲೈ ತಿಂಗಳಿನಲ್ಲಿ ಶ್ರೀಮನ್ ನಾಲ್ವಡಿ ಕೃಷ್ಣರಾಜ ಒಡೆಯರವರ ಆಳಿಕೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ರಾಜಶಾಸನದ ಮೂಲಕ ಸ್ಥಾಪಿತವಾಯಿತು. ಮೂರನೆಯದು ಪುಣೆಯ ನೆರೆಯ ಹಿಂಗಣೆಯೆಂಬ ಹಳ್ಳಿಯಲ್ಲಿ ಹುಟ್ಟಿದ ಭಾರತವರ್ಷೀಯ ಮಹಿಳಾ ವಿದ್ಯಾಪೀಠ. ಇದಕ್ಕೆ ಶಾಸನವಿರಲಿಲ್ಲ, ಸನ್ನದಿರಲಿಲ್ಲ, ರಾಜಾಶ್ರಯವೂ ಇರಲಿಲ್ಲ. ಬೆರಳೆಣಿಕೆಯಷ್ಟು ವಿದ್ಯಾರ್ಥಿನಿಯರೂ, ವರ್ಗಣಿ ಕೊಡಲೊಪ್ಪಿದ ಕೆಲವು ಮಂದಿ ಗೃಹಸ್ಥರೂ, ಗಣಿತಶಾಸ್ತ್ರದ ಅಧ್ಯಾಪಕಪದವಿಯಿಂದ ನಿವೃತ್ತರಾದ ಧೋಂಡೋ ಕೇಶವ ಕರ್ವೆಯವರೂ ಇದ್ದರು. ಈ ಸಂಸ್ಥೆಗೆ ವಿಶ್ವವಿದ್ಯಾನಿಲಯವೆಂಬ ಹೆಸರು ಶಾಸನಸಮ್ಮತವಾಗಿ ಸಲ್ಲುವುದಕ್ಕೆ 1949ರವರೆಗೆ ಕಾಯಬೇಕಾಯಿತು. ಅಷ್ಟು ಕಾಲ ಅದು ಹೇಗೆ ನಿಂತಿತು, ನಿಂತುದಕ್ಕೆ ತೆತ್ತ ಬೆಲೆಯೇನು, ಆ ಬೆಲೆಯನ್ನು ತೆತ್ತವರು ಯಾರು ಎಂಬುದು ವಿಚಾರಾರ್ಹವಾದ ವಿಷಯ.

ಆ ಕಾಲದ ಶಾಸನಸ್ಥಿತಿಯನ್ನು ಮೊದಲು ತಿಳಿಯಬೇಕು. ಕಲಕತ್ತೆ, ಮುಂಬಯಿ, ಮದರಾಸು ವಿಶ್ವವಿದ್ಯಾನಿಲಯಗಳು 1857ರಲ್ಲಿ ಸರಕಾರದ ಶಾಸನಗಳಿಂದ ಉಂಟಾದುವು. ಪರೀಕ್ಷೆ ನಡೆಯಿಸಿ ಪದವಿ ಕೊಡುವುದೇ ಅವುಗಳ ಮುಖ್ಯ ಕೆಲಸವಾಗಿದ್ದಿತು. 1904ರ ವಿಶ್ವವಿದ್ಯಾನಿಲಯಗಳ ಶಾಸನವು ಅವುಗಳ ಮೇಲೆ ಸರಕಾರದ ಹಿಡಿತವನ್ನು ಬಿಗಿಮಾಡಿತು. ಆದರೆ ಖಾಸಗಿಯವರು ಒಂದು ವಿದ್ಯಾಸಂಸ್ಥೆಯನ್ನು ಸ್ಥಾಪಿಸಿ ಅದನ್ನು ವಿಶ್ವವಿದ್ಯಾನಿಲಯವೆಂದು ಕರೆದುಕೊಂಡರೆ ಅದನ್ನು ತಡೆಯುವ ಸಾಮಾನ್ಯಶಾಸನವೊಂದು ಇರಲಿಲ್ಲ. 1916ರಲ್ಲಿಯೇ ಹೊರಟ ವೈದ್ಯಪದವಿಗಳ ಶಾಸನವು ಅನಧಿಕೃತವಾದ ವೈದ್ಯಪದವಿಗಳನ್ನು ಮಾತ್ರ ನಿಷೇಧಿಸಿತು. ರೋಗಿಯ ಪ್ರಾಣದ ವಿಷಯದಲ್ಲಿ ಸರಕಾರಕ್ಕಿದ್ದ ಎಚ್ಚರವು ಕಾವ್ಯ, ಇತಿಹಾಸ, ಗೃಹಶಾಸ್ತ್ರಗಳ ವಿಷಯದಲ್ಲಿ ಇರಲಿಲ್ಲ. ಹೀಗಾಗಿ ಕರ್ವೆಯವರ ಕಾರ್ಯವು ನಿಷಿದ್ಧವಾಗಿರಲಿಲ್ಲ. ಅದಕ್ಕೆ ಬೆಲೆ ಇರಲಿಲ್ಲ, ಅಷ್ಟೆ. ನಿಷೇಧಕ್ಕಿಂತ ಈ ಉಪೇಕ್ಷೆಯನ್ನು ಎದುರಿಸುವುದು ಕಷ್ಟ. ನಿಷೇಧಿಸಿದರೆ ವಾದ ಹೂಡಬಹುದು, ಉಪೇಕ್ಷೆಗೆ ಉತ್ತರವೆಲ್ಲಿಯದು?

ಕರ್ವೆಯವರು ಕೊಂಕಣಸೀಮೆಯವರು, ಜನನ 1858. 1891ರಿಂದ 1914ರ ವರೆಗೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತವನ್ನು ಬೋಧಿಸಿದರು. 1893ರಲ್ಲಿ ವಿಧವೆಯೊಬ್ಬರನ್ನು ಮದುವೆಯಾಗಿ ಬಂಧುವರ್ಗದ ಬಹಿಷ್ಕಾರಕ್ಕೆ ಗುರಿಯಾದರು. 1896ರಲ್ಲಿ ವಿಧವೆಯರಿಗಾಗಿ ಆಶ್ರಮವನ್ನೂ 1907ರಲ್ಲಿ ಮಹಿಳಾ ವಿದ್ಯಾಲಯವನ್ನೂ ಸ್ಥಾಪಿಸಿದರು. 1915ರಲ್ಲಿ ಪ್ರಕಟವಾದ ಅವರ ಮರಾಠೀ ಆತ್ಮಚರಿತ್ರೆಯು ಇಲ್ಲಿಗೆ ನಿಲ್ಲುತ್ತದೆ. ತಮ್ಮ ಜೀವಿತದ ಮುಖ್ಯಕಾರ್ಯಗಳೆಲ್ಲ ಮುಗಿದುವೆಂದು ಆಗ ಯಾರಾದರೂ ಭಾವಿಸಬಹುದಾಗಿತ್ತು. ಅವರಿಗೆ ಐವತ್ತೇಳು ವಯಸ್ಸು. ಆ ವರ್ಷದ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಸೇರಿದ ರಾಷ್ಟ್ರೀಯ ಸಾಮಾಜಿಕ ಪರಿಷತ್ತಿಗೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಅಧ್ಯಕ್ಷಭಾಷಣವನ್ನು ಸಿದ್ಧಗೊಳಿಸುವಾಗ ಟೋಕಿಯೋ ನಗರದ ಮಹಿಳಾ ವಿಶ್ವವಿದ್ಯಾನಿಲಯದ ವಿಷಯವಾದ ಪುಸ್ತಿಕೆಯೊಂದು ಅವರ ಮನಸ್ಸನ್ನು ಹಿಡಿಯಿತು. ಇಂತಹುದೇ ಒಂದು ಭಾರತದಲ್ಲಿಯೂ ಆಗಬೇಕೆಂದು ಭಾಷಣದಲ್ಲಿ ಸೂಚಿಸಿ, ಆರು ತಿಂಗಳು ಕಳೆಯುವುದರೊಳಗಾಗಿ ಅದನ್ನು ಆರಂಭಿಸಿಯೇಬಿಟ್ಟರು. ಡಾಕ್ಟರ್ ರಾಮಕೃಷ್ಣ ಗೋಪಾಲ ಭಾಂಡಾರಕರರು ಚಾನ್ಸಲರರಾಗಲು ಒಪ್ಪಿದರು. ರಘುನಾಥ ಪುರುಷೋತ್ತಮ ಪರಾಂಜಪೆಯವರು ವೈಸ್ ಚಾನ್ಸಲರರಾದರು. ಒಬ್ಬರು ಸಂಸ್ಕೃತ ಪಾಂಡಿತ್ಯಕ್ಕೆ ಜಗತ್ಪ್ರಸಿದ್ಧರು, ಇನ್ನೊಬ್ಬರು ಕೇಂಬ್ರಿಜ್ಜಿನಲ್ಲಿ ಸೀನಿಯರ್ ರ‍್ಯಾಂಗ್ಲರ್ ಆದ ಮೊದಲನೆಯ ಭಾರತೀಯರು. ಸರಕಾರದ ಮುದ್ರೆಯಿಲ್ಲದ ಸಂಸ್ಥೆಗೆ ಈ ಇಬ್ಬರ ಹೆಸರುಗಳೇ ಮುದ್ರೆಯಾದುವು.

ಈ ಸಂದರ್ಭದಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕರ್ವೆಯವರು ಮಾದರಿಯಾಗಿ ಕಂಡ ಜಪಾನಿನ ಆ ಸಂಸ್ಥೆಯೂ ಹೆಸರಿನಲ್ಲಿ ಮಾತ್ರ ವಿಶ್ವವಿದ್ಯಾನಿಲಯವಾಗಿದ್ದಿತು. ನಾರುಸೆ ಜಿಂಜೋ ಎಂಬವರು 1901ರಲ್ಲಿ ಅದನ್ನು ಸ್ಥಾಪಿಸಿದರು. ಅಲ್ಲಿನ ಸರಕಾರವು 1904ರಲ್ಲಿ ಅದನ್ನು ವಿಶೇಷವಿದ್ಯೆಗಳ ಶಾಲೆಗಳ ವರ್ಗಕ್ಕೆ ಸೇರಿಸಿತೇ ಹೊರತು ವಿಶ್ವವಿದ್ಯಾನಿಲಯಗಳ ವರ್ಗಕ್ಕೆ ಸೇರಿಸಲಿಲ್ಲ. 1918ರ ಜಪಾನೀ ಶಾಸನವು ಖಾಸಗಿ ವಿದ್ಯಾಸಂಸ್ಥೆಗಳಿಗೆ ಆ ಪದವಿಯ ಬಾಗಿಲನ್ನು ತೆರೆದಾಗಲೂ ಸ್ತ್ರೀಯರ ಸಂಸ್ಥೆಗಳು ಹೊರಗೇ ಉಳಿದುವು. ಎರಡನೆಯ ಮಹಾಯುದ್ಧವು ಮುಗಿದು ಶಿಕ್ಷಣಕ್ರಮವೆಲ್ಲ ಹೊಸದಾದ ಮೇಲೆ, 1948ರಲ್ಲಿ, ಅದು ನಿಜವಾದ ವಿಶ್ವವಿದ್ಯಾನಿಲಯವಾಯಿತು. ಮಾದರಿಗೂ ಪ್ರತಿಕೃತಿಗೂ ಅಂಗೀಕಾರವು ದೊರೆತುದು ಒಂದು ವರ್ಷದ ಅಂತರದಲ್ಲಿ! ಇದನ್ನು ಕೇವಲ ಕಾಕತಾಳೀಯವೆಂದು ತಳ್ಳಿಹಾಕಲಾಗದು. ಎರಡು ದೇಶಗಳಲ್ಲಿಯೂ ರಾಜ್ಯದ ಸ್ವರೂಪವೇ ಬದಲಾಗುವವರೆಗೆ ಈ ಪ್ರಶ್ನೆ ಅಲುಗಲಿಲ್ಲ.

ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ಸೇರಿದ ಒಂದು ಕಾಲೇಜಾಗಿ ಇದ್ದುಬಿಟ್ಟಿದ್ದರೆ ಕರ್ವೆಯವರ ಸಂಸ್ಥೆಗೆ ಮಾನ್ಯತೆಯ ತೊಂದರೆಯೇ ಇರುತ್ತಿರಲಿಲ್ಲ. ಅದನ್ನು ಅವರು ಏಕೆ ಮಾಡಲಿಲ್ಲ? ಎರಡು ಕಾರಣಗಳುಂಟು, ಅವೆರಡಕ್ಕೂ ಒಂದೇ ತೂಕವಿಲ್ಲ.

ಮೊದಲನೆಯದು ಭಾಷೆ. ಈ ವಿದ್ಯಾಪೀಠದಲ್ಲಿ ಉನ್ನತ ತರಗತಿಗಳ ಬೋಧನೆಯೂ ಪರೀಕ್ಷೆಯೂ ದೇಶಭಾಷೆಯಲ್ಲಿ ನಡೆಯತಕ್ಕದ್ದೆಂದು ನಿಯಮವಾಯಿತು. ಇಂಗ್ಲಿಷು ಒಂದು ಕಡ್ಡಾಯವಿಷಯವಾಗಿ ಉಳಿಯಿತು. ಆದರೆ ಇತಿಹಾಸವನ್ನೋ ಮನಶ್ಶಾಸ್ತ್ರವನ್ನೋ ಕಲಿಯುವ ಹುಡುಗಿ ಅದನ್ನು ತನ್ನ ತಾಯಿಮಾತಿನಲ್ಲಿಯೇ ಕಲಿಯಬಹುದಾಗಿತ್ತು. 1916ರಲ್ಲಿ ಇದು ಎಷ್ಟು ಸಾಹಸದ ಹೆಜ್ಜೆಯೆಂಬುದನ್ನು ಕನ್ನಡನಾಡಿನ ಉದಾಹರಣೆಯಿಂದಲೇ ತಿಳಿಯಬಹುದು. ಬೆಂಗಳೂರಿನಲ್ಲಿ ಕರ್ಣಾಟಕ ಸಾಹಿತ್ಯ ಪರಿಷತ್ತು ಹುಟ್ಟಿ ಆಗ ಒಂದು ವರ್ಷವಾಗಿದ್ದಿತು. ಕನ್ನಡಿಗರ ಸ್ವಂತ ಸಂಸ್ಥಾನದಲ್ಲಿಯೇ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯವು ಪದವಿತರಗತಿಗಳ ಬೋಧನೆಗೆ ಇಂಗ್ಲಿಷನ್ನೇ ಇಟ್ಟುಕೊಂಡಿತು. ಶಾಸನವೂ ಬೊಕ್ಕಸವೂ ಉಳ್ಳ ಮೈಸೂರಿಗೆ ಸಾಧ್ಯವೆಂದು ತೋರದಿದ್ದುದನ್ನು ಎರಡೂ ಇಲ್ಲದ ಹಿಂಗಣೆ ಕೈಗೆತ್ತಿಕೊಂಡಿತು. ಎರಡು ವರ್ಷಗಳ ತರುವಾಯ ಹೈದರಾಬಾದಿನಲ್ಲಿ ಉರ್ದುಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಆದರೆ ಅದರ ಬೆನ್ನಿಗೆ ನಿಜಾಮರ ಫರ್ಮಾನು ಇದ್ದಿತು. ಆ ಸಂಸ್ಥಾನದ ಕನ್ನಡಿಗರಿಗಂತೂ ಉರ್ದು ತಾಯಿನುಡಿಯಾಗಿರಲಿಲ್ಲವೆಂಬುದು ಬೇರೆಯ ಮಾತು.

ಎರಡನೆಯ ಕಾರಣವು ಪಾಠಕ್ರಮ. ಸ್ತ್ರೀಯರ ಜೀವನಕ್ಕೆ ಬೇಕಾದ ವಿದ್ಯೆಯು ಪುರುಷರದಕ್ಕಿಂತ ಕೆಲಮಟ್ಟಿಗೆ ಬೇರೆಯೆಂದು ಕರ್ವೆಯವರು ನಂಬಿದ್ದರು. ಆದುದರಿಂದ ಗೃಹಶಾಸ್ತ್ರ, ಆರೋಗ್ಯಶಾಸ್ತ್ರ ಮೊದಲಾದುವುಗಳಿಗೆ ಪ್ರಾಧಾನ್ಯವು ದೊರೆತು, ಗಣಿತ ಮತ್ತು ಭೌತವಿಜ್ಞಾನಗಳು ಇಚ್ಛಾವಿಷಯಗಳಾದುವು. ಜೀವಮಾನವೆಲ್ಲ ಗಣಿತವನ್ನು ಬೋಧಿಸಿದವರು ಗಣಿತವನ್ನು ಐಚ್ಛಿಕಮಾಡಿದುದು ವಿಚಿತ್ರವೇ ಸರಿ. ಸಮಾಜಸುಧಾರಕರಲ್ಲಿಯೇ ಕೆಲವರು ಇದನ್ನು ಆಕ್ಷೇಪಿಸಿ, ಹೆಂಗಸರಿಗೆಂದು ಪ್ರತ್ಯೇಕವಾದ ವಿದ್ಯೆಯು ಕೊನೆಗೆ ಕಡಮೆ ದರ್ಜೆಯ ವಿದ್ಯೆಯಾಗಿಯೇ ಎಣಿಸಲ್ಪಡುವುದೆಂದು ವಾದಿಸಿದರು. ಈ ಆಕ್ಷೇಪದಲ್ಲಿ ಹುರುಳಿದ್ದಿತು. ಭಾಷೆಯ ವಿಷಯದಲ್ಲಿ ಕರ್ವೆಯವರು ತಮ್ಮ ಕಾಲಕ್ಕಿಂತ ಮುಂದೆ ಇದ್ದರು. ಪಾಠಕ್ರಮದ ವಿಷಯದಲ್ಲಿ ತಮ್ಮ ಕಾಲದವರೇ ಆಗಿದ್ದರು. ಮಾನ್ಯತೆ ದೊರೆಯದುದಕ್ಕೆ ಪರಕೀಯ ಸರಕಾರದ ಅನಾದರವೊಂದೇ ಕಾರಣವೆಂದು ಹೇಳುವವರು ಈ ಎರಡನೆಯ ಅಂಶವನ್ನು ಮರೆಯುತ್ತಾರೆ.

ಪದವಿಗಳಿಗೆ ಅವರು ಇಟ್ಟ ಹೆಸರುಗಳು ಪಂಡಿತರ ಆಸಕ್ತಿಗೆ ಯೋಗ್ಯವಾದುವು. ಇತರ ವಿಶ್ವವಿದ್ಯಾನಿಲಯಗಳ ಬಿ. ಎ., ಎಂ. ಎ. ಎಂಬ ಹೆಸರುಗಳನ್ನು ಎತ್ತಿಕೊಳ್ಳದೆ, ಮೊದಲನೆಯ ಪದವಿಯನ್ನು ‘ಗೃಹೀತಾಗಮಾ’ ಎಂದೂ ಅದರ ಮೇಲಿನದನ್ನು ‘ಪ್ರದೇಯಾಗಮಾ’ ಎಂದೂ ಕರೆದರು, ಸಂಕ್ಷೇಪವಾಗಿ ಜಿ. ಎ., ಪಿ. ಎ. ಎಂದು ಬರೆಯುವುದು ರೂಢಿಯಾಯಿತು. ಎರಡೂ ಬಹುವ್ರೀಹಿಗಳು. ಯಾವಳಿಂದ ಆಗಮವು ಗ್ರಹಿಸಲ್ಪಟ್ಟಿತೋ ಅವಳು ಗೃಹೀತಾಗಮಾ. ಯಾವಳಿಂದ ಆಗಮವು ಪರರಿಗೆ ಕೊಡಲ್ಪಡಬೇಕೋ ಅವಳು ಪ್ರದೇಯಾಗಮಾ. ಆಗಮವೆಂದರೆ ಇಲ್ಲಿ ಶೈವವೈಷ್ಣವಾಗಮಗಳಲ್ಲ, ವಿದ್ಯೆಯೆಂದಷ್ಟೇ ಅರ್ಥ. ಕಲಿತವಳು, ಕಲಿಸಲು ಯೋಗ್ಯಳು ಎಂಬ ಎರಡು ಮೆಟ್ಟಲುಗಳು ಸಮಾಸದಲ್ಲಿಯೇ ಅಡಗಿವೆ; ಸ್ತ್ರೀಲಿಂಗವು ಪದದ ಕೊನೆಯಲ್ಲಿ ಸಹಜವಾಗಿ ಬಂದು ಕುಳಿತಿದೆ. ಅವಿವಾಹಿತ ಪುರುಷನೆಂಬ ಅರ್ಥವೂ ಉಳ್ಳ ‘ಬ್ಯಾಚಲರ್’ ಎಂಬ ಶಬ್ದವನ್ನು, ಹಲವರು ಗೃಹಿಣಿಯರೂ ವಿಧವೆಯರೂ ಆದ ವಿದ್ಯಾರ್ಥಿನಿಯರಿಗೆ ಹೊದಿಸುವುದಕ್ಕಿಂತ ಇದು ಎಷ್ಟೋ ಮೇಲು.

ಆದರೆ ಹೆಸರು ಎಷ್ಟು ಅಂದವಾಗಿದ್ದರೇನು? ಗೃಹೀತಾಗಮೆಯಾದವಳು ಸರಕಾರದ ಉದ್ಯೋಗಕ್ಕೆ ಅರ್ಜಿ ಹಾಕಿದರೆ ಅವಳ ಪದವಿಗೆ ಅಲ್ಲಿ ಸ್ಥಾನವಿರಲಿಲ್ಲ. ಶಾಸನಬದ್ಧ ವಿಶ್ವವಿದ್ಯಾನಿಲಯದಲ್ಲಿ ಮುಂದಕ್ಕೆ ಓದಬೇಕೆಂದರೆ ಅವಳು ಪದವೀಧರೆಯೆಂದು ಪರಿಗಣಿತಳಾಗುತ್ತಿರಲಿಲ್ಲ. ತೊಂದರೆಯು ಪದವಿಯ ಮಟ್ಟದಿಂದ ಮೊದಲಾಗುವುದೂ ಅಲ್ಲ. ವಿದ್ಯಾಪೀಠಕ್ಕೆ ತನ್ನದೇ ಆದ ಪ್ರವೇಶಪರೀಕ್ಷೆ ಇದ್ದುದರಿಂದ ಅದಕ್ಕೆ ಸೇರಿದ ಕನ್ಯಾಶಾಲೆಗೆ ಹೋದ ಹುಡುಗಿಯ ದಾರಿ ಹೈಸ್ಕೂಲಿನಲ್ಲಿಯೇ ಮ್ಯಾಟ್ರಿಕ್ಯುಲೇಷನ್ನಿನ ದಾರಿಯಿಂದ ಕವಲೊಡೆಯುತ್ತಿದ್ದಿತು. ಹದಿಮೂರು ಹದಿನಾಲ್ಕು ವಯಸ್ಸಿನ ಬಾಲೆಯ ಪರವಾಗಿ ಹಿರಿಯರು ಮಾಡಿದ ಈ ಆಯ್ಕೆಯನ್ನು ಮುಂದೆ ತಿದ್ದಿಕೊಳ್ಳುವುದು ಸುಲಭವಾಗಿರಲಿಲ್ಲ. ಸೆನೆಟ್ಟಿನಲ್ಲಿ ಕುಳಿತ ಮಹನೀಯರೆಲ್ಲರೂ ಇತರ ವಿಶ್ವವಿದ್ಯಾನಿಲಯಗಳ ಅಂಗೀಕೃತ ಪದವಿಗಳನ್ನು ಮೊದಲೇ ಪಡೆದಿದ್ದವರು. ಪ್ರಯೋಗದ ನಷ್ಟವು ಅವರನ್ನು ಮುಟ್ಟಲಿಲ್ಲ. ಮಾತೃಭಾಷೆಯ ಉನ್ನತ ಶಿಕ್ಷಣವೆಂಬ ತತ್ತ್ವಕ್ಕೆ ಈ ದೇಶದಲ್ಲಿ ಮೊದಲು ಬೆಲೆ ತೆತ್ತವರು ಈ ಅಜ್ಞಾತ ವಿದ್ಯಾರ್ಥಿನಿಯರು. ವಿದ್ಯಾಪೀಠದ ಚರಿತ್ರೆಗಳಲ್ಲಿ ದಾನಿಗಳ ಹೆಸರುಗಳು ದೊರೆಯುವಷ್ಟು ಸುಲಭವಾಗಿ ಇವರ ಹೆಸರುಗಳು ದೊರೆಯುವುದಿಲ್ಲ.

ದಾನಿಗಳಿಲ್ಲದೆ ಸಂಸ್ಥೆ ಉಳಿಯುತ್ತಿರಲಿಲ್ಲವೆಂಬುದೂ ನಿಜ. ಸರಕಾರದ ಸಹಾಯದ್ರವ್ಯವಿಲ್ಲದ ಕಾರಣ ಕರ್ವೆಯವರು ಊರೂರು ತಿರುಗಿ ಸಣ್ಣ ಸಣ್ಣ ವರ್ಗಣಿಗಳನ್ನು ಕೂಡಿಸಿದರು. 1920ರಲ್ಲಿ ಮುಂಬಯಿಯ ಗಿರಣಿಯ ಒಡೆಯರಾದ ಸರ್ ವಿಠಲದಾಸ ಠಾಕರಸೀಯವರು 15 ಲಕ್ಷ ರೂಪಾಯಿಗಳ ದಾನವನ್ನು ಸಾರಿದ ಮೇಲೆ ಸಂಸ್ಥೆಯ ಕಾಲಿಗೆ ನೆಲ ಸಿಕ್ಕಿತು. ದಾನಿಯ ತಾಯಿಯವರ ಸ್ಮರಣಾರ್ಥವಾಗಿ ಅದಕ್ಕೆ ಶ್ರೀಮತೀ ನಾಥೀಬಾಯಿ ದಾಮೋದರ ಠಾಕರಸೀ ಭಾರತವರ್ಷೀಯ ಮಹಿಳಾ ವಿದ್ಯಾಪೀಠವೆಂದು ಹೆಸರಾಯಿತು. 1936ರಲ್ಲಿ ಅದರ ಮುಖ್ಯಸ್ಥಾನವು ಪುಣೆಯನ್ನು ಬಿಟ್ಟು ಮುಂಬಯಿಗೆ ಹೋಯಿತು.

1929ರಲ್ಲಿ ಕರ್ವೆಯವರು ಎಪ್ಪತ್ತನ್ನು ದಾಟಿದ ವಯಸ್ಸಿನಲ್ಲಿ ಯೂರೋಪು, ಅಮೆರಿಕಾ, ಜಪಾನುಗಳನ್ನು ಸುತ್ತಿಬಂದರು. ಜಿನೀವಾ ನಗರದ ಶಿಕ್ಷಣತಜ್ಞರ ಸಮ್ಮೇಳನದಲ್ಲಿ ಅವರು ಮಾಡಿದ ಭಾಷಣವು ಸ್ತ್ರೀಯರ ಉನ್ನತ ಶಿಕ್ಷಣದಲ್ಲಿ ಭಾರತದ ಪ್ರಯೋಗವನ್ನು ಕುರಿತುದು. ಹದಿಮೂರು ವರ್ಷಗಳಾದ ಮೇಲೂ ಸ್ಥಾಪಕರು ಅದನ್ನು ಪ್ರಯೋಗವೆಂದೇ ಕರೆದರು. 1930ರ ಡಿಸೆಂಬರಿನಲ್ಲಿ ಮತ್ತೆ ಹೊರಟು ಆಫ್ರಿಕಾ ಖಂಡದಲ್ಲಿ ಹದಿನೈದು ತಿಂಗಳು ಸಂಚರಿಸಿದರು. 1942ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು. ಅದೇ ವರ್ಷ ಕರ್ವೆಯವರ ವಿದ್ಯಾಪೀಠವು ತನ್ನ ವಿದ್ಯಾರ್ಥಿನಿಯರಿಗೆ ಕೊಡುತ್ತಿದ್ದ ಪದವಿಗೆ ಶಾಸನದ ಬೆಂಬಲವಿರಲಿಲ್ಲ.

ಸ್ವಾತಂತ್ರ್ಯವು ಬಂದ ಮೇಲೆ ತೊಡಕು ಬಿಡಿಸಿಕೊಂಡಿತು. 1949ರಲ್ಲಿ ಮುಂಬಯಿಯ ಶಾಸನಸಭೆಯು ಈ ಮಹಿಳಾ ವಿಶ್ವವಿದ್ಯಾನಿಲಯಕ್ಕೆ ಪ್ರತ್ಯೇಕ ಶಾಸನವನ್ನು ಮಾಡಿತು. 1951ರಲ್ಲಿ ಸಂಸ್ಥೆಯು ಆ ಶಾಸನದ ಮೇರೆಗೆ ನಡೆಯತೊಡಗಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯಕ್ಕೆ ಜನ್ಮವಿತ್ತ ಶಾಸನವೂ ಅದೇ ಸಭೆಯಿಂದ ಅದೇ 1949ರಲ್ಲಿ ಹೊರಟಿತು. ಒಂದಕ್ಕೆ ಶಾಸನವು ಮೊದಲು, ತರಗತಿಗಳು ಆಮೇಲೆ. ಇನ್ನೊಂದಕ್ಕೆ ತರಗತಿಗಳು ಮೂವತ್ತಮೂರು ವರ್ಷ ನಡೆದ ಮೇಲೆ ಶಾಸನ. ಡಾಕ್ಟರ್ ರಾಧಾಕೃಷ್ಣನ್ನರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು, ಉನ್ನತ ಶಿಕ್ಷಣದಲ್ಲಿ ಇಂಗ್ಲಿಷಿನ ಸ್ಥಾನಕ್ಕೆ ದೇಶಭಾಷೆಗಳು ಬರಬೇಕೆಂಬ ವಿಚಾರವನ್ನು ಆ ಕಾಲದಲ್ಲಿಯೇ ಎತ್ತಿಕೊಂಡಿದ್ದಿತು. 1916ರಲ್ಲಿ ಹಟವೆಂದು ತೋರಿದುದು ಆ ವೇಳೆಗೆ ರಾಷ್ಟ್ರದ ಧೋರಣೆಯ ಅಂಚಿಗೆ ಬಂದಿದ್ದಿತು.

ಮುಂದೆ 1956ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಶಾಸನವಾಯಿತು. ಅದರ 22ನೆಯ ಪ್ರಕರಣವು ಶಾಸನದಿಂದ ಸ್ಥಾಪಿತವಾದ ಅಥವಾ ಅಧಿಕಾರ ಪಡೆದ ಸಂಸ್ಥೆಗಳಿಗಲ್ಲದೆ ಇತರರಿಗೆ ಪದವಿ ಕೊಡುವ ಹಕ್ಕಿಲ್ಲವೆಂದಿತು. 23ನೆಯದು ‘ಯೂನಿವರ್ಸಿಟಿ’ ಎಂಬ ಶಬ್ದವನ್ನು ಇತರರು ತಮ್ಮ ಹೆಸರಿನಲ್ಲಿ ಬಳಸುವುದನ್ನೇ ತಡೆಯಿತು. ಹಿಂಗಣೆಯ ಸಾಹಸವನ್ನು 1956ರ ತರುವಾಯ ಯಾರಾದರೂ ಮಾಡಹೋಗಿದ್ದರೆ ಅದು ಅಪರಾಧವಾಗುತ್ತಿದ್ದಿತು. ಪದವಿಗಳನ್ನು ಮಾರುವ ಸುಳ್ಳು ಸಂಸ್ಥೆಗಳಿಂದ ಜನರನ್ನು ರಕ್ಷಿಸಲು ಈ ನಿಬಂಧನೆ ಬೇಕಾದುದೇ ಆಗಿತ್ತು. ರಾಷ್ಟ್ರೀಯ ಚಳವಳಿಯ ಕಾಲದಲ್ಲಿ ಸರಕಾರದ ಹಂಗಿಲ್ಲದೆ ಹುಟ್ಟಿದ್ದ ಸಂಸ್ಥೆಗಳಿಗೆ ಅದೇ ಶಾಸನದ 3ನೆಯ ಪ್ರಕರಣವು ಒಂದು ಪಕ್ಕದ ಬಾಗಿಲಾಯಿತು. ಅದರ ಮೂಲಕ ಜಾಮಿಯಾ ಮಿಲ್ಲಿಯಾ, ಗುರುಕುಲ ಕಾಂಗಡಿಗಳು 1962ರಲ್ಲಿಯೂ, ಗುಜರಾತ ವಿದ್ಯಾಪೀಠ, ಕಾಶೀ ವಿದ್ಯಾಪೀಠಗಳು 1963ರಲ್ಲಿಯೂ ವಿಶ್ವವಿದ್ಯಾನಿಲಯಗಳೆಂದು ಪರಿಗಣಿತವಾದುವು.

ಮುಂಬಯಿ ವಿಶ್ವವಿದ್ಯಾನಿಲಯವು 1957ರಲ್ಲಿ ಕರ್ವೆಯವರಿಗೆ ಗೌರವ ಎಲ್‌ಎಲ್. ಡಿ. ಪದವಿಯನ್ನು ಅರ್ಪಿಸಿತು; ಮರುವರ್ಷ ನೂರು ತುಂಬಿದ ಅವರಿಗೆ ಭಾರತರತ್ನವು ಸಂದಿತು. 1962ರ ನವೆಂಬರ್ 9ರಂದು ಅವರು ತೀರಿಕೊಂಡರು. ಅವರ ವಿಶ್ವವಿದ್ಯಾನಿಲಯವು ಮುಂಬಯಿಯಲ್ಲಿ ಇಂದಿಗೂ ನಡೆಯುತ್ತಿದೆ, ಅದರ ಪದವಿಗಳಿಗೆ ಎಲ್ಲೆಡೆಯೂ ಮಾನ್ಯತೆ ಇದೆ. ಆದರೆ ಅಲ್ಲಿ ಉತ್ತೀರ್ಣಳಾದವಳ ಹೆಸರಿನ ಮುಂದೆ ಈಗ ಬರೆಯುವುದು ಬಿ. ಎ. ಎಂದು, ಎಂ. ಎ. ಎಂದು.