ಹೆಚ್ಚು ಓಡಿದ ಕಾರಿನ ನಿರ್ವಹಣೆ

ಒಂದು ಲಕ್ಷ ಕಿ.ಮೀ. ದಾಟಿದ ಕಾರನ್ನು ರೂಢಿಯಲ್ಲಿ ಹೆಚ್ಚು ಓಡಿದ ಕಾರು ಎನ್ನುತ್ತಾರೆ. ಅಷ್ಟು ಹೊತ್ತಿಗೆ ಪಿಸ್ಟನ್ ರಿಂಗ್, ಆಯಿಲ್ ಸೀಲ್, ರಬ್ಬರ್ ಹೋಸ್‌ಗಳು ತಕ್ಕಮಟ್ಟಿಗೆ ಸವೆದಿರುತ್ತವೆ. ಕಡಿಮೆಯಾದ ಆಯಿಲನ್ನು ಮೇಲಿಂದ ತುಂಬಿಸಿದರೆ ಸಾಲದು. ಅವಧಿಗೆ ಸರಿಯಾಗಿ ಹಳೆಯದನ್ನು ಪೂರ್ತಿ ಇಳಿಸಿ ಹೊಸದನ್ನು ಹಾಕಬೇಕು, ಕಡಿಮೆಯಾದದ್ದು ಏಕೆಂದೂ ಹುಡುಕಬೇಕು. ಬಿಡದಿಯಲ್ಲಿ ತಯಾರಾದ ಟೊಯೋಟಾ ಕ್ವಾಲಿಸ್ (2000) ಮತ್ತು ಇನ್ನೋವಾ (2005) ಬಾಡಿಗೆ ಓಟದಲ್ಲಿ ಮೂರು–ನಾಲ್ಕು ಲಕ್ಷ ಕಿ.ಮೀ. ಕಂಡಿರುವುದು ಕರ್ನಾಟಕದಲ್ಲಿ ಅಪರೂಪವಲ್ಲ.

ತಡಸ ಭಾಗದ ಓಟ: ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲ್ಲೂಕಿನ ತಡಸದ ಬಳಿ ಪುಣೆ–ಬೆಂಗಳೂರು ಹೆದ್ದಾರಿಯಿಂದ ಮುಂಡಗೋಡ, ಶಿರಸಿ ಕಡೆಯ ರಸ್ತೆ ಕವಲೊಡೆಯುತ್ತದೆ. ಇಲ್ಲಿನ ಕಾರು ಹೆದ್ದಾರಿಯ ವೇಗ, ಹೊಲದ ದಾರಿಯ ಧೂಳು, ಘಟ್ಟದ ಇಳಿಜಾರು ಮೂರನ್ನೂ ತಾಳಬೇಕು. ಕೈಪಿಡಿಗಳು ಧೂಳು, ಭಾರ, ಏರಿಳಿತದ ಓಟವನ್ನು ಕಠಿಣ ಬಳಕೆ ಎಂದು ಪರಿಗಣಿಸಿ ಸರ್ವಿಸ್ ಅವಧಿಯನ್ನು ಕಡಿಮೆ ಮಾಡುತ್ತವೆ. ಸುಗ್ಗಿಯ ದಿನಗಳಲ್ಲಿ ಏರ್ ಫಿಲ್ಟರನ್ನು ಮುಂದಿನ ಸರ್ವಿಸ್‌ವರೆಗೆ ಕಾಯದೆ ಬಿಚ್ಚಿ ನೋಡುವುದು ಲೇಸು.

ಎಂಜಿನ್ ಆಯಿಲ್: ಸಾಮಾನ್ಯವಾಗಿ ಮಿನರಲ್ ಆಯಿಲ್‌ಗೆ 5,000 ಕಿ.ಮೀ., ಸಿಂಥೆಟಿಕ್‌ಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದೇ ಅವಧಿ. ಆಯಿಲ್ ಜೊತೆ ಫಿಲ್ಟರನ್ನೂ ಬದಲಿಸಬೇಕು. ಮಟ್ಟ ನೋಡಲು ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ ಕೆಲವು ನಿಮಿಷ ಬಿಡಬೇಕು. ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಪೂರ್ತಿ ಇಳಿಸಿ ಎಳೆದಾಗ ಆಯಿಲ್‌ನ ಗೆರೆ ಕೆಳಗಿನ ಮತ್ತು ಮೇಲಿನ ಗುರುತುಗಳ ನಡುವೆ ಇರಬೇಕು. ಡೀಸೆಲ್ ಎಂಜಿನ್ನಿನ ಆಯಿಲ್ ಮಸಿಯಿಂದಾಗಿ ಹಾಕಿದ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಅದೊಂದೇ ದೋಷದ ಲಕ್ಷಣವಲ್ಲ. ಹಾಲು ಬೆರೆತ ಕಾಫಿಯ ಬಣ್ಣ ಬಂದರೆ ಮಾತ್ರ ನೀರು ಅಥವಾ ಕೂಲಂಟ್ ಸೇರಿರುವ ಶಂಕೆ. ಹೆಡ್ ಗ್ಯಾಸ್ಕೆಟ್ ಪರೀಕ್ಷಿಸದೆ ಗಾಡಿ ಓಡಿಸಬಾರದು. ಹೊಗೆ ನೀಲಿಯಾಗಿದ್ದರೆ ಆಯಿಲ್ ಉರಿಯುತ್ತಿದೆ, ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಸೇರುತ್ತಿರಬಹುದು. ಹಳೆಯ ಗಾಡಿ ಎಂಬ ಕಾರಣಕ್ಕೇ ದಪ್ಪ ಆಯಿಲ್ ಹಾಕುವ ರೂಢಿಯಿದೆ. ಕೈಪಿಡಿ ಒಪ್ಪುವ ಗ್ರೇಡ್‌ಗಳನ್ನು ಮೀರಿದರೆ ಎಂಜಿನ್ ಸ್ಟಾರ್ಟ್ ಆದ ಕೂಡಲೇ ಆಯಿಲ್ ಮೇಲಿನ ಭಾಗಗಳಿಗೆ ತಲುಪುವುದು ತಡವಾಗುತ್ತದೆ.

ಕೂಲಂಟ್: ಎಥಿಲೀನ್ ಗ್ಲೈಕಾಲ್, ಶುದ್ಧ ನೀರು ಮತ್ತು ತುಕ್ಕು ತಡೆಯುವ ರಾಸಾಯನಿಕಗಳ ಮಿಶ್ರಣ. ರೇಡಿಯೇಟರಿಗೆ ಬೋರ್‌ವೆಲ್ಲಿನ ಗಡಸು ನೀರು ಸುರಿದರೆ ಸುಣ್ಣದ ಪದರ ಕಟ್ಟಿ ಕೊಳವೆಗಳು ಕಿರಿದಾಗುತ್ತವೆ, ಎಂಜಿನ್ ಬಿಸಿಯೇರುತ್ತದೆ. ಡಿಸ್ಟಿಲ್ಡ್ ವಾಟರ್ ಬಳಸಬೇಕು. ಬೇರೆ ಬೇರೆ ಬಗೆಯ ಕೂಲಂಟ್ ಬೆರೆಸಬಾರದು. ಎಂಜಿನ್ ಬಿಸಿಯಿದ್ದಾಗ ರೇಡಿಯೇಟರ್ ಕ್ಯಾಪ್ ತೆಗೆಯಬಾರದು.

ಬ್ರೇಕ್ ಆಯಿಲ್: ಗ್ಲೈಕಾಲ್ ಮೂಲದ ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್‌ನ ಕನಿಷ್ಠ ಕುದಿಬಿಂದು 230 ಡಿಗ್ರಿ ಸೆ.; ಶೇ. 3.7ರಷ್ಟು ನೀರು ಸೇರಿದಾಗಿನ ಕನಿಷ್ಠ ಮಿತಿ 155 ಡಿಗ್ರಿ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುವಾಗ ಬ್ರೇಕ್ ಒತ್ತಿ ಹಿಡಿದೇ ಬಂದರೆ ಆ ಶಾಖಕ್ಕೆ ಹಳೆಯ ಆಯಿಲ್ ಕುದ್ದು ಪೆಡಲ್ ಸಡಿಲವಾಗಬಹುದು. ಆದ್ದರಿಂದ ಗಾಡಿ ಎಷ್ಟೇ ಕಡಿಮೆ ಓಡಿರಲಿ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಘಟ್ಟವನ್ನು ಕೆಳಗಿನ ಗೇರಿನಲ್ಲೇ ಇಳಿಯಬೇಕು.

ಗೇರ್ ಆಯಿಲ್ ಮತ್ತು ಟೈಮಿಂಗ್ ಬೆಲ್ಟ್: ಗೇರ್ ಬಾಕ್ಸಿಗೆ ಕೈಪಿಡಿ ಜಿಎಲ್-4 ಹೇಳಿದ್ದರೆ ಜಿಎಲ್-5 ಹಾಕಬಾರದು, ಅದರ ಗಂಧಕ–ರಂಜಕದ ಅಂಶ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗುಗಳನ್ನು ಕೊರೆಯಬಹುದು. ಮಾರುತಿ 800, ಹಳೆಯ ಡೀಸೆಲ್ ಇನ್ನೋವಾಗಳಲ್ಲಿ ಟೈಮಿಂಗ್ ಬೆಲ್ಟ್ ಇದೆ. ಹಲವು ಎಂಜಿನ್ನುಗಳಲ್ಲಿ ಅದು ತುಂಡಾದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಸೆಕೆಂಡ್ ಹ್ಯಾಂಡ್ ಕಾರಿನ ಬೆಲ್ಟ್ ಯಾವಾಗ ಬದಲಾಗಿದೆ ಎಂಬುದಕ್ಕೆ ಬಿಲ್ ಇಲ್ಲದಿದ್ದರೆ ಬದಲಾಗಿಲ್ಲವೆಂದೇ ಎಣಿಸಿ ಹೊಸದು ಹಾಕಿಸುವುದು ಕ್ಷೇಮ.

ಕಾನೂನು: ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಆರ್‌ಟಿಒ ತಪಾಸಣೆ ನಡೆದು ಐದೈದು ವರ್ಷಕ್ಕೆ ನವೀಕರಣ. ಇಳಿಸಿದ ಹಳೆಯ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅದನ್ನು ಚರಂಡಿಗಾಗಲಿ ಹೊಲದ ಬದುವಿಗಾಗಲಿ ಸುರಿಯದೆ, ಅನುಮತಿ ಪಡೆದ ಮರುಸಂಸ್ಕರಣಾ ಘಟಕಕ್ಕೆ ತಲುಪಿಸಬೇಕು.